ಇರಾನಿಗೆ ಸ್ಯಾಂಕ್ಷನ್ ಆಯ್ತು, ಮಾವನಿಗೆ ಆಗಲಿಲ್ಲ

ಸೋದರಮಾವ ಊರಿಂದ ಬಂದಿದ್ದರು. ಟ್ರ್ಯಾಕ್ಟರ್ ಸಾಲಕ್ಕೆ ಅರ್ಜಿ ಹಾಕಿ ನಾಲ್ಕು ತಿಂಗಳು. ‘ಮೇಲಿನಿಂದ ಸ್ಯಾಂಕ್ಷನ್ ಬರಬೇಕು’ ಎಂಬ ಒಂದೇ ಮಾತಿನ ಮೇಲೆ ಬ್ಯಾಂಕಿನವರು ಅವರ ಚಪ್ಪಲಿ ಸವೆಸಿದ್ದರು. ಆವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದು ಟೀವಿ ಮುಂದೆ ಕೂತಿದ್ದಾರೆ, ಯಾವುದೋ ಇಂಗ್ಲಿಷ್ ಚಾನೆಲ್ ಓಡುತ್ತಿದೆ, ಪರದೆಯ ಬುಡದಲ್ಲಿ ಕೆಂಪು ಪಟ್ಟಿ ಹರಿಯುತ್ತಿದೆ: ಅಮೆರಿಕ, ಇರಾನ್, ಸ್ಯಾಂಕ್ಷನ್ಸ್. ಮಾವ ಲೋಟ ಕೆಳಗಿಟ್ಟರು.

“ನೋಡ್ದೇನಯ್ಯಾ, ಇರಾನಿಗೂ ಸ್ಯಾಂಕ್ಷನ್ ಆಗೋಯ್ತು. ನಮ್ಮ ಫೈಲು ಮಾತ್ರ ಅಲ್ಲೇ ಕೊಳೀತಾ ಬಿದ್ದದೆ.”

ನಾನು ನಕ್ಕುಬಿಟ್ಟೆ. “ಅದು ಕೊಡೋ ಸ್ಯಾಂಕ್ಷನ್ ಅಲ್ಲ ಮಾವ. ಅವರಿಗೆ ಯಾರೂ ಏನೂ ಕೊಡಬೇಡಿ, ಅವರ ಹತ್ತಿರ ಏನೂ ಕೊಳ್ಳಬೇಡಿ ಅನ್ನೋ ಸ್ಯಾಂಕ್ಷನ್.”

“ಅದೆಂಗಯ್ಯಾ? ಪದ ಒಂದೇ ತಾನೆ?”

ನನ್ನ ನಗು ಅಲ್ಲಿಗೆ ನಿಂತಿತು. ಹೌದಲ್ಲ! ಇಷ್ಟು ವರ್ಷ ‘ಲೋನ್ ಸ್ಯಾಂಕ್ಷನ್ ಆಯ್ತಾ’ ಅಂತ ಕೇಳಿದ ಬಾಯಲ್ಲೇ ‘ರಷ್ಯಾ ಮೇಲೆ ಸ್ಯಾಂಕ್ಷನ್’ ಅಂತಲೂ ಹೇಳಿದ್ದೇನೆ. ಒಂದು ಮಂಜೂರಾತಿ, ಇನ್ನೊಂದು ನಿರ್ಬಂಧ. ಒಂದು ಬಾಗಿಲು ತೆರೆಯುತ್ತದೆ, ಇನ್ನೊಂದು ಬೀಗ ಜಡಿಯುತ್ತದೆ. ಒಮ್ಮೆಯೂ ನಾಲಿಗೆ ತಡವರಿಸಿಲ್ಲ. ಊರಿನ ಮಾವನಿಗೆ ಥಟ್ಟನೆ ಕಂಡದ್ದು ನನಗೆ ಕಂಡಿರಲಿಲ್ಲ!

ನಿಘಂಟು ತೆಗೆದೆ. ಅವತ್ತಿನಿಂದ ಇವತ್ತಿನವರೆಗೆ ಅದು ಕಪಾಟಿಗೆ ವಾಪಸ್ ಹೋಗಿಲ್ಲ.

ಸ್ಯಾಂಕ್ಷನ್ ಪದದ ಮೂಲ ಲ್ಯಾಟಿನ್. ಒಂದು ಕಟ್ಟಳೆಯನ್ನು ಪವಿತ್ರ, ಮೀರಬಾರದ್ದು ಎಂದು ಸಾರುವುದು ಅದರ ಹಳೆಯ ಅರ್ಥ. ಸಂತರಿಗೆ ಹೇಳುವ ‘ಸೇಂಟ್’ ಕೂಡ ಇದೇ ಮನೆಯ ಕೂಸು. ಕಟ್ಟಳೆ ಎಂದಮೇಲೆ ಅದಕ್ಕೆ ಎರಡು ತುದಿ ಇರಲೇಬೇಕಲ್ಲ: ಹೀಗೆ ನಡೆಯತಕ್ಕದ್ದು ಎಂಬ ಒಪ್ಪಿಗೆ ಒಂದು, ನಡೆಯದಿದ್ದರೆ ಇಂಥ ಶಿಕ್ಷೆ ಎಂಬ ಬೆದರಿಕೆ ಇನ್ನೊಂದು. ಎರಡನ್ನೂ ಸೇರಿಸಿ ಒಂದೇ ಹೆಸರು. ಮುಂದೆ ಬ್ಯಾಂಕು ಒಪ್ಪಿಗೆಯ ತುದಿ ಹಿಡಿದುಕೊಂಡಿತು, ದೇಶದೇಶಗಳ ರಾಜಕಾರಣ ಬೆದರಿಕೆಯ ತುದಿ ಹಿಡಿದುಕೊಂಡಿತು. 1935ರಲ್ಲಿ ಮುಸೊಲಿನಿಯ ಇಟಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದಾಗ ಲೀಗ್ ಆಫ್ ನೇಷನ್ಸ್ ಇಟಲಿಯ ಮೇಲೆ ಹೇರಿದ ದಿಗ್ಬಂಧನಕ್ಕೂ ಇದೇ ಹೆಸರು.

ಇದನ್ನು ಓದುತ್ತಿದ್ದಂತೆ ಮೈ ಜುಮ್ಮೆಂದಿತು, ಯಾಕೆಂದರೆ ಇದನ್ನು ನಾನು ನೋಡಿದ್ದೇನೆ. ಕಲ್ಲಿನ ಮೇಲೆ! ನಮ್ಮೂರ ಗುಡಿ ಪಕ್ಕ, ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ವಾಲಿಕೊಂಡಿರುವ ದಾನಶಾಸನಗಳನ್ನು ನೆನೆಸಿಕೊಳ್ಳಿ. ಮೇಲ್ಭಾಗದಲ್ಲಿ ದಾನ: ಇಂಥವರಿಗೆ ಇಷ್ಟು ಭೂಮಿ ಬಿಟ್ಟಿದ್ದೇವೆ. ಕೊನೆಗೆ ಶಾಪ: ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ. ಶಾಸನ ಓದುವವರು ಈ ಭಾಗಕ್ಕೆ ಶಾಪಾಶಯ ಎನ್ನುತ್ತಾರೆ. ಮಂಜೂರಾತಿಯೂ ನಿರ್ಬಂಧವೂ ಒಂದೇ ಬಂಡೆಯ ಮೇಲೆ, ಒಂದೇ ಉಳಿಯ ಕೆತ್ತನೆ. ರೋಮಿನವರು ಪದದೊಳಗೆ ತುಂಬಿದ್ದನ್ನು ನಮ್ಮವರು ಕಲ್ಲಿನೊಳಗೆ ತುಂಬಿದ್ದರು, ಅಷ್ಟೇ.

ಒಂದು ಸಿಕ್ಕಿತು ನೋಡಿ, ಹುಚ್ಚು ಹಿಡಿಯಿತು. ಮನೆಯವರಿಗೆ ನನ್ನ ಕಾಟ ಶುರುವಾಯಿತು. ಊಟದ ತಟ್ಟೆ ಮುಂದೆ ಕೂತು “ಅಲಾರಂ ಹೊಡೆದುಕೊಂಡರೂ ‘ಗೋಸ್ ಆಫ್’, ದೀಪ ಆರಿದರೂ ‘ಗೋಸ್ ಆಫ್’, ಗಮನಿಸಿದ್ದೀರಾ?” ಅನ್ನುವುದು. ಮೇಜನ್ನು ‘ಡಸ್ಟ್’ ಮಾಡಿದರೆ ಪುಡಿ ಹೋಗುತ್ತದೆ, ಬೆಳೆಗೆ ‘ಡಸ್ಟ್’ ಮಾಡಿದರೆ ಪುಡಿ ಬಂದು ಕೂರುತ್ತದೆ. ‘ಓವರ್‌ಸೈಟ್’ ಎಂದರೆ ಕಣ್ಣಿಟ್ಟು ಕಾಯುವುದು. ‘ಓವರ್‌ಸೈಟ್’ ಎಂದರೆ ಕಣ್ಣು ತಪ್ಪಿ ಆದ ಎಡವಟ್ಟು. ಇಂಗ್ಲಿಷಿನ ಆ ಒಂದು ಪದಕ್ಕೆ ಕನ್ನಡದಲ್ಲಿ ಕಣ್ಗಾವಲು ಮತ್ತು ಕಣ್ತಪ್ಪು ಎಂದು ಎರಡು ಬೇಕು. ಕಣ್ಣು ಮಾತ್ರ ಎರಡರಲ್ಲೂ ಇದೆ. ‘ಕ್ಲೀವ್’ ಎಂದರೆ ಸೀಳು. ಮಾಂಸದಂಗಡಿಯ ದೊಡ್ಡ ಕತ್ತಿ ಕ್ಲೀವರ್. ಆದರೆ 1611ರ ಇಂಗ್ಲಿಷ್ ಬೈಬಲಿನಲ್ಲಿ ಗಂಡ ಹೆಂಡತಿಗೆ ಬಿಡದೆ ಅಂಟಿಕೊಳ್ಳಬೇಕು ಎನ್ನುವ ಕಡೆ ಬರುವುದೂ ಕ್ಲೀವ್! ಇದು ನಿಜಕ್ಕೆ ಎರಡು ಬೇರೆ ಬೇರೆ ಹಳೆಯ ಪದ. ಕಾಲದ ಹೊಡೆತಕ್ಕೆ ಸವೆದೂ ಸವೆದೂ ಒಂದೇ ಮುಖವಾಗಿವೆ.

ಇವೆಲ್ಲ ಚಿಲ್ಲರೆ. ಬೀರುವಿನಲ್ಲಿ ಬೀಗ ಹಾಕಿಟ್ಟದ್ದೊಂದಿದೆ, ಅದನ್ನು ನೋಡಿ.

ಪಾಸ್‌ಪೋರ್ಟ್ ಇದ್ದವರು ಈಗಲೇ ತೆಗೆದು, ಅದರಲ್ಲಿ ರಾಷ್ಟ್ರಪತಿಯವರ ಹೆಸರಿನಲ್ಲಿ ಅಚ್ಚಾದ ಕೋರಿಕೆಯನ್ನು ಓದಿ. ಇದನ್ನು ಹಿಡಿದು ಬಂದವರನ್ನು ಯಾವ ಅಡ್ಡಿ ಆತಂಕವೂ ಇಲ್ಲದೆ ಹೋಗಗೊಡಿ ಎಂಬುದು ಅದರ ತಾತ್ಪರ್ಯ. ಆ ‘ಅಡ್ಡಿ’ ಇರುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಯಾವ ಪದ ಇದೆ ಗೊತ್ತೆ? ‘ಲೆಟ್’! ಮೂರನೇ ಕ್ಲಾಸಿನ ಹುಡುಗನಿಗೂ ಲೆಟ್ ಎಂದರೆ ಬಿಡು, ಅವಕಾಶ ಕೊಡು. ಇಲ್ಲಿ ಅದೇ ಪದ ತಡೆ. ಎಷ್ಟು ಸಲ ಕೌಂಟರಿನಲ್ಲಿ ಈ ಪುಸ್ತಕ ಚಾಚಿದ್ದೇನೆ, ಎಷ್ಟು ಸಲ ಅದರ ಮೇಲೆ ಠಸ್ಸೆ ಬಿದ್ದಿದೆ, ಒಂದು ಸಲವೂ ಕಂಡಿರಲಿಲ್ಲ. ಬೀದಿಯಲ್ಲಿ ಹಗ್ಗ ಕಟ್ಟಿ ಬ್ಯಾಡ್ಮಿಂಟನ್ ಆಡುತ್ತಾ ‘ಲೆಟ್, ಲೆಟ್, ಇನ್ನೊಂದ್ಸಲ’ ಅಂತ ಕೂಗುತ್ತಿದ್ದೆವಲ್ಲ, ಅದೂ ಈ ಅಡ್ಡಿಯ ಲೆಟ್ಟೇ. ನೆಟ್ ಅನ್ನುವುದು ಬಾಯಲ್ಲಿ ಲೆಟ್ ಆಗಿರಬೇಕು ಎಂದುಕೊಂಡಿದ್ದೆ ಇಷ್ಟು ದಿನ.

ಹಳೆಯ ಇಂಗ್ಲಿಷಿನಲ್ಲಿ ಇವು ಎರಡು ಕ್ರಿಯಾಪದ. ಬಿಡುವುದಕ್ಕೊಂದು, ತಡೆಯುವುದಕ್ಕೊಂದು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಕೂಡ ಅಪ್ಪನ ದೆವ್ವದ ಹಿಂದೆ ಹೊರಟಾಗ, ತನ್ನನ್ನು ಹಿಡಿದುಕೊಂಡ ಗೆಳೆಯರನ್ನು ಗದರಿಸುವುದು ಈ ತಡೆಯುವ ಲೆಟ್‌ನಿಂದಲೇ. ಇನ್ನೂ ಆಳಕ್ಕೆ ಅಗೆದರೆ ಎರಡಕ್ಕೂ ಒಂದೇ ತಾಯಿಬೇರು, ಅದರ ಅರ್ಥ ಸಡಿಲ. ಹಗ್ಗ ಸಡಿಲಿಸಿದರೆ ದನ ಹೊರಟಿತು, ಅದು ಬಿಡುವ ಲೆಟ್. ಕೆಲಸ ಸಡಿಲವಾದರೆ ನಿಧಾನ, ನಿಧಾನವಾದರೆ ‘ಲೇಟ್’, ಲೇಟ್ ಮಾಡಿಸುವುದು ತಡೆಯುವ ಲೆಟ್.

ಲೇಟ್, ಲೆಟ್. ಈಗ ಕನ್ನಡದಲ್ಲಿ ಹೇಳಿ ನೋಡಿ. ತಡ, ತಡೆ!

ಕುರ್ಚಿಯಿಂದ ಎದ್ದುಬಿಟ್ಟೆ. ಒಂದು ದ್ರಾವಿಡ, ಇನ್ನೊಂದು ಜರ್ಮ್ಯಾನಿಕ್. ರಕ್ತಸಂಬಂಧ ಇಲ್ಲ, ಕೊಡುಕೊಳ್ಳುವಿಕೆ ಇಲ್ಲ. ಆದರೂ ತಡವಾಗುವುದಕ್ಕೂ ತಡೆಯುವುದಕ್ಕೂ ಎರಡೂ ಕಡೆ ಅದೇ ನಂಟು, ಒಂದು ಸ್ವರದ ವ್ಯತ್ಯಾಸದಲ್ಲಿ.

ಇಂಗ್ಲಿಷನ್ನೇ ಕೆಣಕುತ್ತಿದ್ದವನಿಗೆ ಆಮೇಲೆ ನನ್ನ ಬಾಯಿಯ ಮೇಲೇ ಅನುಮಾನ ಬಂತು. ‘ಬಿಡು’ ಎಂಬ ಪದವನ್ನೇ ತೆಗೆದುಕೊಳ್ಳಿ. ಮಲ್ಲಿಗೆ ಹೂ ಬಿಟ್ಟಿತು, ಮಳೆ ಬಿಟ್ಟಿತು. ಹೂ ಬಂತು, ಮಳೆ ಹೋಯಿತು! ‘ಅವನು ಕಾರು ಬಿಡ್ತಾನೆ’ ಎಂದರೆ ಓಡಿಸುತ್ತಾನೆ. ‘ಅವನು ಸಿಗರೇಟು ಬಿಟ್ಟ’ ಎಂದರೆ ಮುಟ್ಟುವುದಿಲ್ಲ. ‘ಫೋಟೋ ತೆಗಿ’ ಎಂದರೆ ಹುಡುಗರು ಮೊಬೈಲ್ ಎತ್ತುತ್ತಾರೆ, ಸುಣ್ಣ ಹೊಡೆಯಲು ಬಂದವನು ಗೋಡೆಯ ಮೊಳೆಗೆ ಕೈ ಹಾಕುತ್ತಾನೆ. ನಮ್ಮಜ್ಜಿ ರಾತ್ರಿ ದೇವರ ದೀಪ ಆರಿಸು ಎಂದು ಹೇಳಿದ್ದನ್ನು ನಾನು ಕೇಳಿದ್ದೇ ಇಲ್ಲ, “ದೀಪ ದೊಡ್ಡದು ಮಾಡು ಮಗ” ಅನ್ನುತ್ತಿದ್ದರು. ಆರು ವರ್ಷದವನಿದ್ದಾಗ ಒಂದು ಸಲ ಪಾಲಿಸಿದೆ. ಬತ್ತಿ ಮೇಲಕ್ಕೆಳೆದೆ. ಹೊಗೆ ಸೂರಿಗೆ ಮುಟ್ಟಿತು, ನನಗೆ ಬೆನ್ನಿಗೆ ಬಿತ್ತು.

ಆದರೆ ಇವೆಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು ‘ಮುಂದೆ’.

ಬೆಂಗಳೂರಿನ ಯಾವುದಾದರೂ ಕಚೇರಿಯನ್ನು ಊಹಿಸಿಕೊಳ್ಳಿ. ಬುಧವಾರದ ಮೀಟಿಂಗ್ ಎರಡು ದಿನ ‘ಫಾರ್ವರ್ಡ್’ ಆಗಿದೆ ಎಂದು ಮೇಲ್ ಬಂತು. ಕನ್ನಡದ ಹುಡುಗಿ ಓದಿದಳು. ಫಾರ್ವರ್ಡ್ ಎಂದರೆ ಮುಂದಕ್ಕೆ, ಮೀಟಿಂಗ್ ಮುಂದಕ್ಕೆ ಹೋಯಿತು, ಅಂದರೆ ಶುಕ್ರವಾರ, ಸದ್ಯ ಉಸಿರಾಡಬಹುದು. ಮೇಲ್ ಕಳಿಸಿದವನ ಲೆಕ್ಕದಲ್ಲಿ ಅದು ಸೋಮವಾರ! ಕನ್ನಡದಲ್ಲಿ ಪರೀಕ್ಷೆ ಮುಂದಕ್ಕೆ ಹೋಯಿತೆಂದರೆ ಹಾಸ್ಟೆಲಿನಲ್ಲಿ ಸಂಭ್ರಮ. ಅದೇ ಮಾತು ಇಂಗ್ಲಿಷಿಗೆ ಹೋದರೆ ಗಾಬರಿಯಾಗಬಹುದು. ಇನ್ನು ‘ಪೋಸ್ಟ್‌ಪೋನ್’ ಪದವನ್ನು ಬಿಡಿಸಿದರೆ ಲ್ಯಾಟಿನ್ನಿನಲ್ಲಿ ‘ಹಿಂದೆ ಇಡು’. ಅದಕ್ಕೆ ನಾವು ಬಳಸುವ ಪದ? ಮುಂದೂಡು! ಅವರು ಹಿಂದಕ್ಕಿಟ್ಟರು, ನಾವು ಮುಂದಕ್ಕೆ ದೂಡಿದೆವು, ಮೀಟಿಂಗ್ ಮಾತ್ರ ಒಂದೇ ದಿನ ನಡೆಯಿತು.

ಇಂಗ್ಲಿಷಿನವರಿಗಾದರೂ ಇದು ಸಲೀಸೇ? ಇಲ್ಲ! ಲೇರಾ ಬೊರೊಡಿಟ್ಸ್ಕಿ ಮತ್ತು ಮೈಕೆಲ್ ರಾಮ್ಸ್ಕರ್ ಎಂಬ ಸಂಶೋಧಕರು ಅಮೆರಿಕದಲ್ಲಿ ಜನರಿಗೆ ಇದೇ ಪ್ರಶ್ನೆ ಕೇಳಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು: ಬುಧವಾರದ ಮೀಟಿಂಗ್ ಎರಡು ದಿನ ಫಾರ್ವರ್ಡ್ ಆದರೆ ಯಾವ ವಾರ? ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ಸೋಜಿಗ ಇರುವುದು ಯಾರು ಏನು ಹೇಳಿದರು ಎಂಬುದರಲ್ಲಿ. ಆಗಷ್ಟೇ ವಿಮಾನದಿಂದ ಇಳಿದು ಬಂದವರು, ವಿಮಾನ ನಿಲ್ದಾಣದಲ್ಲಿ ಯಾರನ್ನೋ ಕರೆದೊಯ್ಯಲು ಕಾಯುತ್ತಾ ನಿಂತವರಿಗಿಂತ ಹೆಚ್ಚಾಗಿ ಶುಕ್ರವಾರ ಎಂದರು. ಪಯಣ ಮಾಡಿ ಬಂದವರಿಗೆ ಕಾಲದಲ್ಲೂ ತಾವೇ ಮುಂದೆ ಸಾಗುತ್ತಿರುವಂತೆ. ನಿಂತವರಿಗೆ ಕಾಲವೇ ತಮ್ಮತ್ತ ಬರುತ್ತಿರುವಂತೆ.

ಈಗ ರೈತರ ಮಾತಿಗೆ ಬನ್ನಿ. ‘ಮುಂದಿನ ವಾರ’ ಎಂದರೆ ಬರಬೇಕಾದದ್ದು, ‘ಹಿಂದಿನ ವಾರ’ ಎಂದರೆ ಆಗಿಹೋದದ್ದು. ಸರಿ. ಹಾಗಾದರೆ ಮುಂಗಾರು? ಅದು ಮೊದಲು ಬರುವ ಮಳೆ. ಹಿಂಗಾರು? ಆಮೇಲೆ ಬರುವ ಮಳೆ! ಪೂರ್ತಿ ತಿರುಗುಮುರುಗು! ಮುನ್ನೋಟ ನಾಳೆಯ ಕಡೆಗೆ. ‘ಮುನ್ನಾ ದಿನ’ ನಿನ್ನೆಯ ಕಡೆಗೆ. ‘ನೀವು ನಡೀರಿ, ನಾನು ಹಿಂದೆಯೇ ಬರ್ತೀನಿ’ ಎಂದರೆ ನಿನ್ನೆ ಬರುತ್ತೇನೆ ಎಂದಲ್ಲವಲ್ಲ. ಮುನ್ ಎಂಬ ಒಂದೇ ಚೂರು, ಹಿನ್ ಎಂಬ ಒಂದೇ ಚೂರು. ಗಂಟೆಗೆ ಹತ್ತು ಸಲ ಬಳಸುತ್ತೇವೆ, ಒಮ್ಮೆಯೂ ಎಡವುವುದಿಲ್ಲ.

ಮಾವನಿಗೆ ಇದನ್ನು ಹೇಳಿದೆ. ಅವರು ತಲೆ ಕೆಡಿಸಿಕೊಳ್ಳಲಿಲ್ಲ. “ಜಾತ್ರೆಗೆ ಗಾಡಿ ಸಾಲಾಗಿ ಹೋಗ್ತವಲ್ಲ, ಮುಂದಿನ ಗಾಡಿ ತಾನೆ ಮೊದಲು ಊರು ಮುಟ್ಟೋದು? ಹಿಂದಿಂದು ಆಮೇಲೆ. ಅದು ಮಳೆ ಲೆಕ್ಕ. ನೀನೇ ಗಾಡಿ ಮೇಲೆ ಕೂತಿದ್ರೆ ಮುಂದಿರೋದು ಇನ್ನೂ ಬರಬೇಕಾದ ಊರು, ಹಿಂದಿರೋದು ದಾಟಿ ಬಂದಿದ್ದು. ಅದು ವಾರದ ಲೆಕ್ಕ.” ಇಷ್ಟೇ! ವಿಮಾನ ನಿಲ್ದಾಣದ ಪ್ರಯೋಗವನ್ನು ಎತ್ತಿನ ಗಾಡಿಯಲ್ಲಿ ಮುಗಿಸಿಬಿಟ್ಟರು. ಪದ ತಿರುಗುವುದಿಲ್ಲ, ನಾವು ರಸ್ತೆಬದಿಯಲ್ಲಿ ನಿಂತಿದ್ದೇವೋ ಗಾಡಿಯಲ್ಲಿ ಕೂತಿದ್ದೇವೋ ಅನ್ನುವುದು ತಿರುಗುತ್ತದೆ. ಆಂಡಿಸ್ ಪರ್ವತದ ಐಮಾರಾ ಜನರನ್ನು ಕೇಳಿದರೆ ಗಾಡಿಯಲ್ಲಿ ಇನ್ನೊಂದು ಭಂಗಿಯೂ ಇದೆ. ಅವರ ಮಾತಿನಲ್ಲಿ ಆಗಿಹೋದದ್ದು ಕಣ್ಣೆದುರಿಗೆ, ಬರಲಿರುವುದು ಬೆನ್ನ ಹಿಂದೆ. ಕಂಡದ್ದು ತಾನೆ ಕಣ್ಣ ಮುಂದೆ ಇರಬೇಕು? ಗಾಡಿಯ ಹಿಂಬದಿಗೆ ಕಾಲು ಇಳಿಬಿಟ್ಟು ಕೂತ ಹುಡುಗನ ನೋಟ ಅದು!

ತಾವು ಎಲ್ಲಿ ನಿಂತಿದ್ದೇವೆಂದು ತಿಳಿಯದೆ ಎರಡು ದೇಶಗಳ ಸೇನಾಧಿಕಾರಿಗಳು ಜಗಳಕ್ಕೆ ಬಿದ್ದದ್ದೂ ಉಂಟು. ಎರಡನೇ ಮಹಾಯುದ್ಧದ ನಡುವೆ ಬ್ರಿಟಿಷ್ ಅಧಿಕಾರಿಗಳು ತುರ್ತಾಗಿ ಚರ್ಚೆಯಾಗಬೇಕಾದ ಒಂದು ಪತ್ರ ತಯಾರಿಸಿ, ಇದನ್ನು ‘ಟೇಬಲ್’ ಮಾಡೋಣ ಎಂದರು. ಅಮೆರಿಕದವರು ಬಿಲ್‌ಕುಲ್ ಆಗದು ಎಂದರು. ಬ್ರಿಟಿಷರಿಗೆ ಟೇಬಲ್ ಎಂದರೆ ಮೇಜಿನ ಮೇಲಿಟ್ಟು ಮಾತಾಡು, ಅಮೆರಿಕದವರಿಗೆ ಮೇಜಿನ ಖಾನೆಯೊಳಗಿಟ್ಟು ಮರೆತುಬಿಡು. ಬಹಳ ಹೊತ್ತು, ಖಾರವಾಗಿಯೇ ವಾದಿಸಿದ ಮೇಲೆ ಇಬ್ಬರಿಗೂ ಬೇಕಾದದ್ದು ಒಂದೇ ಎಂದು ಗೊತ್ತಾಯಿತಂತೆ. ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ನಾವು ಬ್ರಿಟಿಷರ ಮೇಜನ್ನೇ ಇಟ್ಟುಕೊಂಡಿದ್ದೇವೆ. ನಮ್ಮ ವಿಧಾನಸಭೆಯಲ್ಲಿ ವರದಿ ಟೇಬಲ್ ಆಯಿತೆಂದರೆ ಮಂಡನೆಯಾಯಿತು ಎಂದೇ ಅರ್ಥ. ಆಮೇಲೆ ಅದು ಅಮೆರಿಕದ ಖಾನೆ ಸೇರುವುದು ಬೇರೆ ವಿಷಯ.

ಇಷ್ಟೆಲ್ಲ ನಾನೇ ಕಂಡುಹಿಡಿದೆ ಎಂದು ಬೀಗುತ್ತಿದ್ದಾಗ ಅರಬ್ಬರು ಸಿಕ್ಕಿದರು. ಸಾವಿರದ ಇನ್ನೂರು ವರ್ಷದ ಹಿಂದೆಯೇ ಅಲ್ಲಿನ ವೈಯಾಕರಣಿಗಳು ಇಂಥ ಪದಗಳಿಗೆ ‘ಅದ್ದಾದ್’ ಎಂದು ಹೆಸರಿಟ್ಟು, ಅವುಗಳ ಮೇಲೆ ಪುಸ್ತಕಗಳನ್ನೇ ಬರೆದಿದ್ದರು! ‘ಜೌನ್’ ಎಂದರೆ ಕಪ್ಪು, ಜೌನ್ ಎಂದರೆ ಬಿಳಿ. 821ರಲ್ಲಿ ತೀರಿಕೊಂಡ ಕುತ್ರುಬ್ ಇಂಥದೊಂದು ಪುಸ್ತಕ ಬರೆದವನು. ಕುತ್ರುಬ್ ಅನ್ನುವುದು ಅಡ್ಡಹೆಸರು, ರಾತ್ರಿಯೆಲ್ಲ ಸುತ್ತುವ ಒಂದು ಜೀವಿಯದು. ಬೆಳಕು ಹರಿಯುವ ಮೊದಲೇ ಗುರು ಸೀಬವೈಹಿಯ ಬಾಗಿಲಲ್ಲಿ ಬಂದು ಕೂತಿರುತ್ತಿದ್ದನಂತೆ, ಅದಕ್ಕೆ ಗುರುವೇ ಇಟ್ಟ ಹೆಸರು. (ನನ್ನ ಹೆಂಡತಿ ಈಗ ನನ್ನನ್ನು ಹಾಗೆಯೇ ಕರೆಯುತ್ತಾಳೆ.) 940ರಲ್ಲಿ ತೀರಿಕೊಂಡ ಬಾಗ್ದಾದಿನ ಇಬ್ನ್ ಅಲ್-ಅನ್ಬಾರಿಯದು ಇನ್ನೊಂದು ಪುಸ್ತಕ. ಇಂಥ ಪದಗಳಿಂದ ಅರಬ್ಬಿಯಲ್ಲಿ ಗೊಂದಲ ಎಂದು ಮೂಗುಮುರಿದವರಿಗೆ ಅದರ ಮೊದಲಲ್ಲೇ ಉತ್ತರ ಇದೆ: ಪದದ ಹಿಂದೆ ಮುಂದೆ ಬರುವ ಮಾತು ಅರ್ಥವನ್ನು ತಾನೇ ತಿಳಿಸುತ್ತದೆ. ಹೂ ಬಿಟ್ಟಿತು, ಮಳೆ ಬಿಟ್ಟಿತು!

ಯುರೋಪಿನವರು ಇದಕ್ಕೆ ಒಂದು ದೊಡ್ಡ ಸಿದ್ಧಾಂತವನ್ನೇ ಕಟ್ಟಹೋದರು. ಕಾರ್ಲ್ ಆಬೆಲ್ ಎಂಬಾತ 1884ರಲ್ಲಿ, ಆದಿಮಾನವರ ಪದಗಳಲ್ಲೆಲ್ಲ ವಿರುದ್ಧಾರ್ಥ ಸೇರಿಯೇ ಇತ್ತು ಎಂದು ಬರೆದ. ಫ್ರಾಯ್ಡ್ 1910ರಲ್ಲಿ ಅದನ್ನು ಓದಿ ಹಿಗ್ಗಿ, ಕನಸಿಗೂ ‘ಇಲ್ಲ’ ಎನ್ನಲು ಬರುವುದಿಲ್ಲವಲ್ಲ ಎಂದು ಗಂಟುಹಾಕಿದ. 1956ರಲ್ಲಿ ಫ್ರೆಂಚ್ ಭಾಷಾವಿಜ್ಞಾನಿ ಬೆನ್ವೆನಿಸ್ಟ್ ಆ ಗಂಟು ಬಿಚ್ಚಿ, ಆಬೆಲನ ಪುರಾವೆಗಳು ನಿಲ್ಲುವುದಿಲ್ಲ ಎಂದು ತೋರಿಸಿದ. ನನಗೂ ಬಾಗ್ದಾದಿನವನ ಮಾತೇ ಹೆಚ್ಚು ಒಪ್ಪಿಗೆ.

ಅರಬ್ಬರು ಇರಲಿ, ಅಮರಕೋಶವನ್ನು ನೋಡಿ! ಸಂಸ್ಕೃತದ ‘ಆರಾತ್’ ಎಂಬ ಅವ್ಯಯಕ್ಕೆ ಅದು ಕೊಡುವ ಅರ್ಥ ಎರಡು. ದೂರ, ಮತ್ತು ಹತ್ತಿರ. ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಬೆಳಗಿನ ಜಾವಕ್ಕೆ ಎದ್ದು ಕೂತಾಗ ದೇವರೇ ತಿರುಗಿಬಿದ್ದ. ನಮ್ಮಲ್ಲಿ ದೇವ ಪೂಜ್ಯ, ಅಸುರ ದುಷ್ಟ. ಪಕ್ಕದ ಇರಾನಿನ ಹಳೆಯ ಅವೆಸ್ತಾದಲ್ಲಿ ಅಹುರ ಪೂಜ್ಯ, ಪರಮದೈವದ ಹೆಸರೇ ಅಹುರ ಮಜ್ದಾ. ದಏವ ದುಷ್ಟ. ಅವೇ ಎರಡು ಪದ, ಜಾಗ ಅದಲುಬದಲು! ಋಗ್ವೇದದಲ್ಲೂ ಮೊದಮೊದಲಿಗೆ ವರುಣನಂಥವರನ್ನು ಅಸುರ ಎಂದೇ ಗೌರವದಿಂದ ಕರೆಯುತ್ತಾರೆ. ಪಾರ್ಸಿಯಲ್ಲಿ ಇವತ್ತಿಗೂ ‘ದೀವ್’ ಎಂದರೆ ರಾಕ್ಷಸ. ಇಂಗ್ಲಿಷಿನ ‘ಡಿವೈನ್’ ಎಂದರೆ ದಿವ್ಯ. ಎರಡೂ ಒಂದೇ ಬೇರಿನ ಚಿಗುರು. ಡೆವಿಲ್ ಕೂಡ ಇದೇ ವಂಶದವನಿರಬೇಕು ಎಂದು ನಾನು ಆಸೆಯಿಂದ ಪುಟ ತಿರುಗಿಸಿದೆ. ಅಲ್ಲ. ಅವನು ಗ್ರೀಕಿನಿಂದ ಬಂದವನು, ಮೂಲದಲ್ಲಿ ಚಾಡಿಕೋರ ಎಂದರ್ಥ. ಸ್ವಲ್ಪ ಬೇಸರವೇ ಆಯಿತು.

ಸಂಜೆ ಮಾವ ಊರಿಗೆ ಹೊರಟರು. ಬ್ಯಾಂಕಿನಿಂದ ಫೋನ್ ಬಂದಿತ್ತು, ಸ್ಯಾಂಕ್ಷನ್ ಆಗಿದೆಯಂತೆ. “ಯಾವ ಸ್ಯಾಂಕ್ಷನ್ನು ಅಂತ ಸರಿಯಾಗಿ ಕೇಳಿದ್ರಾ ಮಾವ?” ಎಂದೆ. ಬೈದರು. ಚೀಲ ಹೆಗಲಿಗೇರಿಸಿಕೊಂಡು, ಚಪ್ಪಲಿ ಮೆಟ್ಟಿ, ಗೇಟಿನವರೆಗೂ ಹೋಗಿ, ಕತ್ತಲಲ್ಲಿ ಚಿಲಕ ತಡಕಾಡುತ್ತಾ ಹಿಂದಿರುಗಿ ನೋಡದೆಯೇ ಕೂಗಿದರು.

“ಬರ್ತೀನಿ ಕಣಯ್ಯಾ. ಬಾಗಿಲು ಹಾಕ್ಕೋ. ಇಲ್ಲಿ ಒಂದು ಲೈಟ್ ಹಾಕು.”